ಒಂಬತ್ತಿಂಚು ಗೋಡೆಯ ಒಳಗಿನ ಬಂಧ: ಒಂದು ಗಾರೆ ತಂಡದ ಕೆಲಸದ ವಿಮರ್ಶೆ

ಹೊಸಕೋಟೆಯ ಅಂಚಿನಲ್ಲಿರುವ ನಮ್ಮ ಮನೆಯ ಗೋಡೆಗಳು ಎದ್ದು ಒಂದೂವರೆ ವರ್ಷವಾಯಿತು. ಕಂಬ, ತೊಲೆಗಳ ಕಾಂಕ್ರೀಟ್ ಚೌಕಟ್ಟಿಲ್ಲದೆ, ಇಟ್ಟಿಗೆಯ ಗೋಡೆಗಳೇ ಎರಡು ಅಂತಸ್ತಿನ ಭಾರವನ್ನು ಹೊರುವಂತೆ ಕಟ್ಟಿಸಿದ ಮನೆ ಇದು. ಸಾಮಗ್ರಿಯನ್ನು ನಾವೇ ತರಿಸಿಕೊಟ್ಟು ಕೂಲಿಯನ್ನು ಮಾತ್ರ ಗುತ್ತಿಗೆ ಕೊಟ್ಟಿದ್ದೆವು. ಕೆಲಸ ಮಾಡಿದವರು ಆಳಂದ ತಾಲೂಕಿನಿಂದ ಬಂದು ಬೆಂಗಳೂರಿನ ಸುತ್ತಮುತ್ತ ದುಡಿಯುತ್ತಿರುವ ಹನ್ನೊಂದು ಜನರ ಒಂದು ಗಾರೆ ತಂಡ. ಅವರ ಗೋಡೆಗೆಲಸವನ್ನು ಮಾತ್ರ ಇಲ್ಲಿ ಪರಿಶೀಲಿಸಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಕೆಲವು ಲೋಪಗಳನ್ನೂ ಹೇಳಬೇಕಾಗಿರುವುದರಿಂದ ಮತ್ತು ಇಲ್ಲಿ ಬಂದು ಉತ್ತರ ಕೊಡುವ ಅವಕಾಶ ಅವರಿಗಿಲ್ಲದಿರುವುದರಿಂದ ಯಾರ ಹೆಸರನ್ನೂ ಬರೆದಿಲ್ಲ.

ಗೋಡೆಗೆಲಸವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಮೊದಲೇ ಬಂದಿತ್ತು. ಪ್ಲಾಸ್ಟರ್ ಬಳಿದ ಮೇಲೆ ಒಳ್ಳೆಯ ಗೋಡೆ, ಕೆಟ್ಟ ಗೋಡೆ ಎರಡೂ ಕಣ್ಣಿಗೆ ಒಂದೇ ಆಗುತ್ತವೆ. ಮಂಜೂರಾದ ನಮ್ಮ ನಕ್ಷೆಯಲ್ಲಿ ಗೋಡೆಯ ದಪ್ಪ 230 ಮಿ.ಮೀ., ಅಂದರೆ ಒಂಬತ್ತಿಂಚು, ಎಂದಷ್ಟೇ ಬರೆದಿತ್ತು, ಆ ದಪ್ಪದೊಳಗೆ ಇಟ್ಟಿಗೆಗಳು ಒಂದನ್ನೊಂದು ಹೇಗೆ ಹಿಡಿದುಕೊಳ್ಳಬೇಕು ಎಂಬ ಮಾತೇ ಇರಲಿಲ್ಲ. ಆದ್ದರಿಂದ ನಮ್ಮ ಎಂಜಿನಿಯರು ಮೂರು ಭಾರತೀಯ ಮಾನಕಗಳನ್ನು ಕೈಗೆ ಕೊಟ್ಟು, ಕೆಲಸ ಸಾಗುವಾಗ ಇವುಗಳ ಪ್ರಕಾರ ನೋಡಿಕೊಳ್ಳಿ ಎಂದರು: ಕಬ್ಬಿಣದ ಸರಳಿಲ್ಲದ ಗೋಡೆಕಟ್ಟಡದ ವಿನ್ಯಾಸಕ್ಕೆ ಐಎಸ್ 1905 (1987), ಇಟ್ಟಿಗೆ ಕೆಲಸದ ವಿಧಾನಕ್ಕೆ ಐಎಸ್ 2212 (1991), ಭೂಕಂಪ ತಾಳಿಕೊಳ್ಳುವ ಕಟ್ಟಡಗಳಿಗೆ ಐಎಸ್ 4326 (1993). ಈ ಮಾನಕಗಳನ್ನು ಭಾರತೀಯ ಮಾನಕ ಬ್ಯೂರೊದ ಜಾಲತಾಣದಿಂದ ಉಚಿತವಾಗಿ ಪಡೆಯಬಹುದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಆರನೇ ಭಾಗದಲ್ಲಿ ಗೋಡೆಕಟ್ಟಡಕ್ಕೆಂದೇ ಒಂದು ವಿಭಾಗವಿದೆ. ಮನೆ ಕಟ್ಟಿಸುವ ಸಾಮಾನ್ಯರು ಇವನ್ನು ಪೂರ್ತಿ ಓದಬೇಕಾಗಿಲ್ಲ, ಆದರೆ ಹತ್ತು ಹನ್ನೆರಡು ಅಂಕಿಗಳನ್ನು ತಿಳಿದುಕೊಂಡು ಕೆಲಸದ ಜಾಗಕ್ಕೆ ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಮೊದಲು ದಪ್ಪದ ಮಾತು. ನಕ್ಷೆಗಾರರು ಬರೆದ ಮೊದಲ ನಕ್ಷೆಯಲ್ಲಿ ಮೆಟ್ಟಿಲಿನ ಪಕ್ಕದ ಒಳಗೋಡೆ ನಾಲ್ಕೂವರೆ ಇಂಚಿನದಾಗಿತ್ತು, ಅದರ ಮೇಲೆ ಚಪ್ಪಡಿ ಕೂರುವಂತಿತ್ತು. ಒಂಬತ್ತಿಂಚಿನ ಅರ್ಧ ದಪ್ಪ ಎಂದರೆ ಅರ್ಧ ಭಾರವನ್ನಾದರೂ ಹೊತ್ತೀತು ಎಂದು ನಾನೂ ತಿಳಿದಿದ್ದೆ. ಲೆಕ್ಕ ಹಾಗಿಲ್ಲ. ಮೇಲೂ ಕೆಳಗೂ ಕಾಂಕ್ರೀಟ್ ಚಪ್ಪಡಿ ಹಿಡಿದುಕೊಂಡಿರುವ ಗೋಡೆಯ ಪರಿಣಾಮಕಾರಿ ಎತ್ತರವನ್ನು ಮಾನಕವು ನಿಜವಾದ ಎತ್ತರದ ಮುಕ್ಕಾಲು ಪಾಲು ಎಂದು ಗಣಿಸುತ್ತದೆ. ಅದನ್ನು ದಪ್ಪದಿಂದ ಭಾಗಿಸಿದರೆ ಬರುವುದು ಗೋಡೆಯ ಕೃಶತೆಯ, ಅಂದರೆ ತೆಳುತನದ, ಅನುಪಾತ. 3 ಮೀಟರ್ ಎತ್ತರಕ್ಕೆ 230 ಮಿ.ಮೀ. ಗೋಡೆಯ ಅನುಪಾತ ಹತ್ತರ ಹತ್ತಿರ ಬರುತ್ತದೆ, 110 ಮಿ.ಮೀ. ಗೋಡೆಯದು ಇಪ್ಪತ್ತನ್ನು ದಾಟುತ್ತದೆ. ಸಿಮೆಂಟ್ ಗಾರೆಯ ಗೋಡೆಗೆ 27ರವರೆಗೆ ಅನುಮತಿಯಿರುವುದರಿಂದ ಎರಡೂ ಗೋಡೆಗಳು ಮೇಲ್ನೋಟಕ್ಕೆ ನಿಯಮದೊಳಗೇ ಇವೆ. ಆದರೆ ಅನುಪಾತ ಏರಿದಂತೆ ಗೋಡೆಯ ಮೇಲೆ ಹೊರಿಸಬಹುದಾದ ಒತ್ತಡವನ್ನು ಇಳಿಸಬೇಕು: ಅನುಪಾತ 10 ಇದ್ದಾಗ ಮೂಲ ಒತ್ತಡದ 0.89 ಪಾಲು, 20 ಇದ್ದಾಗ 0.62 ಪಾಲು ಮಾತ್ರ. ನಮ್ಮ ಇಟ್ಟಿಗೆಯನ್ನು ಪ್ರತಿ ಚದರ ಮಿ.ಮೀ.ಗೆ 5 ನ್ಯೂಟನ್ ಬಲದ್ದೆಂದು, ಗಾರೆಯನ್ನು ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನದೆಂದು ಹಿಡಿದರೆ ಮೂಲ ಒತ್ತಡ ಪ್ರತಿ ಚದರ ಮಿ.ಮೀ.ಗೆ 0.44 ನ್ಯೂಟನ್ ಆಗುತ್ತದೆ. ಭಾರ ಗೋಡೆಯ ನಡುವೆಯೇ ಬೀಳುತ್ತದೆಂದು ಇಟ್ಟುಕೊಂಡರೂ ಒಂಬತ್ತಿಂಚು ಗೋಡೆ ಒಂದು ಮೀಟರ್ ಉದ್ದಕ್ಕೆ ಸುಮಾರು ಒಂಬತ್ತು ಟನ್ ಹೊರಬಲ್ಲದು, ನಾಲ್ಕೂವರೆ ಇಂಚಿನದು ಮೂರು ಟನ್ ಮಾತ್ರ. ದಪ್ಪ ಅರ್ಧಕ್ಕೆ ಇಳಿದರೆ ತಾಳಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಹೊರೆಯ ಗೋಡೆಯ ಮೇಲೆ ಬೀಳುವ ಭಾರ ಮೀಟರಿಗೆ ಆರೂವರೆ ಟನ್ ಎಂದು ಎಂಜಿನಿಯರು ಲೆಕ್ಕಹಾಕಿದ್ದರು. ಮೆಟ್ಟಿಲಿನ ಪಕ್ಕದ ಗೋಡೆ ಅಂದೇ ಒಂಬತ್ತಿಂಚಾಯಿತು. ಪ್ಲಾಸ್ಟರಿನ ದಪ್ಪವನ್ನು ಅವರು ಈ ಲೆಕ್ಕಕ್ಕೆ ಸೇರಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಇಟ್ಟಿಗೆ. ಒಂಬತ್ತಿಂಚು ಗೋಡೆಯ ಬಂಧವೆಲ್ಲ ಒಂದು ಸಣ್ಣ ಕೂಡಿಕೆಯ ಮೇಲೆ ನಿಂತಿದೆ: 110, ನಡುವೆ ಗಾರೆ 10, ಮತ್ತೆ 110, ಒಟ್ಟು 230. ಎರಡು ಇಟ್ಟಿಗೆಗಳ ಅಗಲ ಮತ್ತು ನಡುವಿನ ಸಂದು ಸೇರಿ ಒಂದು ಇಟ್ಟಿಗೆಯ ಉದ್ದಕ್ಕೆ ಸಮವಾದರೆ ಮಾತ್ರ, ಉದ್ದುದ್ದ ಇಟ್ಟ ಸಾಲಿನ ಮೇಲೆ ಅಡ್ಡಡ್ಡ ಇಟ್ಟ ಸಾಲು ಎರಡೂ ಮುಖಗಳಿಗೆ ಸರಿಯಾಗಿ ಕೂರುತ್ತದೆ. ನಮಗೆ ಮೊದಲು ಬಂದ ಟೇಬಲ್ ಮೋಲ್ಡ್ (ಮೇಜಿನ ಮೇಲೆ ಕೈಯಿಂದ ಅಚ್ಚು ಹಾಕಿದ) ಇಟ್ಟಿಗೆಯ ಲೋಡಿನಲ್ಲಿ ಉದ್ದ 220, ಅಗಲ 100 ಇತ್ತು. ಹತ್ತು ಮಿ.ಮೀ. ಸಂದು ಬಿಟ್ಟರೆ ಅಡ್ಡ ಇಟ್ಟ ಇಟ್ಟಿಗೆ ಒಂದು ಮುಖದಲ್ಲಿ ಹತ್ತು ಮಿ.ಮೀ. ಹೊರಚಾಚುತ್ತದೆ, ಅದನ್ನು ಮುಚ್ಚಲು ಒಳಗಿನ ಸಂದನ್ನು ಇಪ್ಪತ್ತು ಮಾಡಿದರೆ ಗೋಡೆಯ ಹೊಟ್ಟೆಯ ತುಂಬ ಗಾರೆಯೇ ಆಗುತ್ತದೆ. ಇಟ್ಟಿಗೆಯ ಮಾನಕವಾದ ಐಎಸ್ 1077ರಲ್ಲಿ ಇದಕ್ಕೆ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆಯಿದೆ. ಇಪ್ಪತ್ತು ಇಟ್ಟಿಗೆಗಳನ್ನು ಸಮನೆಲದ ಮೇಲೆ ಸಾಲಾಗಿ ತಾಗಿಸಿಟ್ಟು ಟೇಪಿನಿಂದ ಅಳೆಯಬೇಕು: ಉದ್ದದ ಸಾಲು 4520ರಿಂದ 4680 ಮಿ.ಮೀ. ಒಳಗೆ, ಅಗಲದ ಸಾಲು 2160ರಿಂದ 2240ರ ಒಳಗೆ ಬರಬೇಕು. ಆ ಲೋಡಿನ ಉದ್ದದ ಸಾಲು 4390 ಬಂದಿತು. ಪರೀಕ್ಷೆ ಮಾಡಲು ಹೇಳಿದ್ದು ನಾನಲ್ಲ, ತಂಡದ ಮೇಸ್ತ್ರಿಯವರೇ. ಮಾನಕದ ಹೆಸರನ್ನು ಅವರು ಕೇಳಿರಲಿಲ್ಲ. ತಮ್ಮ ಕಡೆ ಇಟ್ಟಂಗಿಯನ್ನು ಹೀಗೆ ಸಾಲು ಹಚ್ಚಿ ನೋಡದೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಷ್ಟೇ ಹೇಳಿದರು. ಆ ಲೋಡನ್ನು ಕಾಂಪೌಂಡಿಗೆ ಇಟ್ಟುಕೊಂಡು, ಮನೆಗೆ ಮಾಲೂರಿನಿಂದ ವೈರ್‌ಕಟ್ (ಯಂತ್ರದಲ್ಲಿ ಒತ್ತಿ ತಂತಿಯಿಂದ ಕತ್ತರಿಸಿದ) ಇಟ್ಟಿಗೆ ತರಿಸಿದೆವು. ಐದು ಇಟ್ಟಿಗೆಗಳನ್ನು ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ಕಳುಹಿಸಿ ಬಲವನ್ನು ಪರೀಕ್ಷಿಸಿದ ಮೇಲೆಯೇ ಉಳಿದ ಲೋಡುಗಳು ಬಂದವು.

ಈ ತಂಡದ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿ ಹಿಂದಿನ ಗೋಡೆಯ ಮೊದಲ ನಾಲ್ಕು ಸಾಲುಗಳಲ್ಲಿ ನಡೆಯಿತು. ಮೇಸ್ತ್ರಿ ಮುಂಭಾಗದಲ್ಲಿದ್ದಾಗ ಹಿಂಭಾಗದಲ್ಲಿ ಇಬ್ಬರು ಕಿರಿಯ ಗಾರೆಯವರು ಎರಡೂ ಮುಖಗಳಲ್ಲಿ ಉದ್ದುದ್ದ ಇಟ್ಟಿಗೆಗಳನ್ನೇ ಇಡುತ್ತಾ ಹೋಗಿದ್ದರು. ಹೊರಗಿನಿಂದ ನೋಡಿದರೆ ಅಚ್ಚುಕಟ್ಟಾಗಿಯೇ ಇತ್ತು, ಕೆಲಸವೂ ಬೇಗ ಸಾಗಿತ್ತು. ಆದರೆ ಒಳಮುಖ ಮತ್ತು ಹೊರಮುಖಗಳನ್ನು ಹೊಲಿಯುವ ಒಂದೇ ಒಂದು ಅಡ್ಡ ಇಟ್ಟಿಗೆಯೂ ಅದರಲ್ಲಿರಲಿಲ್ಲ. ನಾನು ಕೇಳುವ ಮೊದಲೇ ಮೇಸ್ತ್ರಿ ಬಂದು ನೋಡಿ, ಕರಣೆಯ ತುದಿಯನ್ನು ನಡುವಿನ ಸಂದಿಗೆ ಹಾಕಿ ತೋರಿಸಿ, "ಅಕ್ಕಾರ, ಇವು ಎರಡು ಗ್ವಾಡಿ ಮಗ್ಗಲಕ್ಕ ಮಗ್ಗಲ ನಿಂತಾವ, ಒಂದ ಗ್ವಾಡಿ ಆಗಿಲ್ಲ. ಬಿಚ್ಚಿಸಿ ಕಟ್ತೀನಿ" ಎಂದರು. ಅಂದಿನ ಅರ್ಧ ದಿನದ ಕೂಲಿಯನ್ನು ನಮ್ಮಿಂದ ಕೇಳಲಿಲ್ಲ.

ಅವರು ಹೇಳಿದ್ದು ಲೆಕ್ಕದ ದೃಷ್ಟಿಯಿಂದಲೂ ನಿಜ. ಅಡ್ಡ ಇಟ್ಟಿಗೆಯಿಲ್ಲದ 230 ಮಿ.ಮೀ. ಗೋಡೆಯನ್ನು 230 ಎಂದು ಗಣಿಸುವಂತಿಲ್ಲ. ಅದು 110ರ ಎರಡು ತೆಳುಗೋಡೆಗಳು, ಮೇಲೆ ಹೇಳಿದ ಇಳಿಕೆ ಎರಡಕ್ಕೂ ಅನ್ವಯಿಸುತ್ತದೆ. ನಕ್ಷೆಯಲ್ಲಿರುವ ದಪ್ಪ ಗೋಡೆಯಲ್ಲಿ ನಿಜವಾಗುವುದು ಬಂಧದಿಂದಲೇ. ಮೇಸ್ತ್ರಿಯವರಿಗೆ ಈ ತಿಳಿವು ಪುಸ್ತಕದಿಂದ ಬಂದುದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಅವರು ಹುಡುಗ. ಆಳಂದದ ಜನ ಗಡಿಯಾಚೆಗಿನ ಆ ಊರುಗಳಿಗೆ ಹೋಗಿಬರುವವರೇ. ಅವರ ತಂದೆ ಅಲ್ಲಿ ಮನೆಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಹೋಗಿದ್ದರಂತೆ. ಅಲ್ಲಿ ಬಿದ್ದವು ತೆಳ್ಳಗಿನ ಗೋಡೆಗಳಲ್ಲ, ಎರಡು ಅಡಿಗೂ ದಪ್ಪನಾದ ಕಲ್ಲುಮಣ್ಣಿನ ಗೋಡೆಗಳು. ಎರಡು ಮುಖಗಳಿಗೆ ದೊಡ್ಡ ಕಲ್ಲು, ನಡುವೆ ಚೂರುಕಲ್ಲು ಮತ್ತು ಮಣ್ಣು ತುಂಬಿ, ಈ ಮುಖದಿಂದ ಆ ಮುಖಕ್ಕೆ ಹಾಯುವ ಕಲ್ಲುಗಳನ್ನು ಇಡದೆ ಕಟ್ಟಿದ್ದರಿಂದ, ನಡುಗಿದಾಗ ಗೋಡೆ ಉದ್ದಕ್ಕೆ ಸೀಳಿ ಎರಡು ಪದರಾಗಿ ಕಳಚಿತು. ಕಡಿಮೆ ಬಲದ ಗೋಡೆಕಟ್ಟಡಗಳಿಗಾಗಿ ಇರುವ ಐಎಸ್ 13828, ಇಂಥ ಕಲ್ಲುಗೋಡೆ 450 ಮಿ.ಮೀ.ಗಿಂತ ದಪ್ಪ ಇರಬಾರದು ಎಂದೂ, ಪ್ರತಿ 600 ಮಿ.ಮೀ. ಎತ್ತರಕ್ಕೆ, 1.2 ಮೀಟರಿಗೊಂದರಂತೆ ಗೋಡೆಯ ದಪ್ಪಕ್ಕೂ ಹಾಯುವ ಬಂಧದ ಕಲ್ಲು ಇಡಬೇಕೆಂದೂ ಹೇಳುತ್ತದೆ. ದಪ್ಪವನ್ನು ಹೆಚ್ಚಿಸಿ ಎನ್ನದೆ ದಪ್ಪಕ್ಕೆ ಮಿತಿ ಹಾಕುವ ಈ ನಿಯಮವನ್ನು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಮೇಸ್ತ್ರಿಗೆ ಆಗಲಿಲ್ಲ.

ನಮ್ಮ ಗೋಡೆಗಳಿಗೆ ಇಂಗ್ಲಿಷ್ ಬಾಂಡ್ ಒಪ್ಪಿಕೊಂಡಿದ್ದೆವು: ಒಂದು ಸಾಲು ಉದ್ದುದ್ದ, ಮುಂದಿನ ಸಾಲು ಅಡ್ಡಡ್ಡ. ಇದರ ನಿಜವಾದ ಪರೀಕ್ಷೆ ಮೂಲೆಯಲ್ಲಿ. ಅಡ್ಡ ಸಾಲಿನಲ್ಲಿ ಮೂಲೆಯ ಇಟ್ಟಿಗೆಯ ಪಕ್ಕಕ್ಕೆ ಉದ್ದಕ್ಕೆ ಸೀಳಿದ ಅರ್ಧ ಇಟ್ಟಿಗೆಯನ್ನು, ಅಂದರೆ ಕ್ಲೋಸರನ್ನು ಇಟ್ಟರೆ ಮಾತ್ರ ಮೇಲಿನ ಸಂದು ಕೆಳಗಿನ ಸಂದಿಗಿಂತ ಕಾಲು ಇಟ್ಟಿಗೆಯಷ್ಟು ಸರಿಯುತ್ತದೆ. ಇಟ್ಟಿಗೆಯನ್ನು ಉದ್ದಕ್ಕೆ ಸೀಳುವುದು ಕಷ್ಟ, ಹತ್ತರಲ್ಲಿ ಮೂರು ಒಡೆದುಹೋಗುತ್ತವೆ. ಅನೇಕ ಕಡೆ ಅದರ ಬದಲು ಕೈಗೆ ಸಿಕ್ಕ ತುಂಡು ಇಟ್ಟಿಗೆ ಮತ್ತು ಗಾರೆ ತುಂಬಿ ಮುಗಿಸುವುದನ್ನು ನೋಡಿದ್ದೇನೆ. ಈ ತಂಡದವರು ಕಟರ್ ಯಂತ್ರದಿಂದ ಕ್ಲೋಸರುಗಳನ್ನು ಹಿಂದಿನ ದಿನ ಸಂಜೆಯೇ ಕತ್ತರಿಸಿ, ಮೂಲೆಗೆ ಇಷ್ಟೆಂದು ಎಣಿಸಿ ಇಟ್ಟುಕೊಳ್ಳುತ್ತಿದ್ದರು. ಮನೆಯ ಎಂಟು ಮೂಲೆಗಳಲ್ಲಿ ಪ್ಲಾಸ್ಟರಿಗೆ ಮೊದಲು ನಾನು ಒಂದೊಂದು ಸಾಲನ್ನೂ ನೋಡಿದ್ದೇನೆ. ನೇರವಾಗಿ ಕೆಳಗಿನವರೆಗೆ ಇಳಿದ ಸಂದು ಎಲ್ಲೂ ಸಿಗಲಿಲ್ಲ. ಇದು ಸಣ್ಣ ಸಾಧನೆಯಲ್ಲ.

ಅಡ್ಡಗೋಡೆಗಳು ಸೇರುವ ಜಾಗದಲ್ಲಿ ಮಾತ್ರ ಕೆಲಸ ಅದೇ ಮಟ್ಟದಲ್ಲಿರಲಿಲ್ಲ. ಭಾರ ಹೊರುವ ಉದ್ದನೆಯ ಗೋಡೆ ಪಕ್ಕಕ್ಕೆ ವಾಲದಂತೆ ಹಿಡಿಯುವುದು ಅಡ್ಡಗೋಡೆ; 200 ಮಿ.ಮೀ. ದಪ್ಪದ ಗೋಡೆಗೆ ಅಂತಸ್ತಿನ ಎತ್ತರ 3.2 ಮೀಟರ್, ಅಡ್ಡಗೋಡೆಗಳ ನಡುವಿನ ಅಂತರ 6 ಮೀಟರ್ ಮೀರಬಾರದೆಂದು ಐಎಸ್ 1905 ಹೇಳುತ್ತದೆ. ನಮ್ಮ ಹಾಲಿನ ಗೋಡೆ 5.4 ಮೀಟರ್ ಇದ್ದುದರಿಂದ ಲೆಕ್ಕಕ್ಕೆ ತೊಂದರೆಯಿರಲಿಲ್ಲ. ಆದರೆ ಅಡ್ಡಗೋಡೆ ನಿಜವಾಗಿ ಹಿಡಿಯಬೇಕಾದರೆ ಎರಡೂ ಗೋಡೆಗಳು ಒಟ್ಟಿಗೆ ಏಳಬೇಕು. ಮೂಲೆಗಳನ್ನು ಮೊದಲು 600 ಮಿ.ಮೀ. ಎತ್ತರಕ್ಕೆ ಮೆಟ್ಟಿಲಿನಂತೆ ಇಳಿಜಾರಾಗಿ ಕಟ್ಟಿ, ಆಮೇಲೆ ನಡುವಿನ ಗೋಡೆಯನ್ನು ತುಂಬಬೇಕು. ಅದಾಗದಿದ್ದರೆ ಎರಡೂ ಗೋಡೆಗಳಲ್ಲಿ ಸುಮಾರು 450 ಮಿ.ಮೀ. ಎತ್ತರಕ್ಕೊಮ್ಮೆ ಹಲ್ಲು (ಇನ್ನೊಂದು ಗೋಡೆಯ ಇಟ್ಟಿಗೆ ಹಿಡಿದುಕೊಳ್ಳಲು ಹೊರಚಾಚಿದ ಇಟ್ಟಿಗೆಗಳು) ಬಿಟ್ಟು ಕಟ್ಟಬೇಕೆಂಬುದು ಐಎಸ್ 4326ರ ಮಾತು. ನೆಲ ಅಂತಸ್ತಿನಲ್ಲಿ ಇವರು ಹೊರಗೋಡೆಗಳನ್ನು ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ) ಮಟ್ಟದವರೆಗೆ ಎಬ್ಬಿಸಿ, ಒಳಗೋಡೆಗಳಿಗೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಲ್ಲು ಬಿಟ್ಟಿದ್ದರು. ನಂತರ ಒಳಗೋಡೆ ಕಟ್ಟುವಾಗ ಆ ಹಲ್ಲುಗಳ ಕೆಳಗೆ ಇಟ್ಟಿಗೆ ತುರುಕಿದರೆ ಮೇಲಿನ ಸಂದಿಗೆ ಗಾರೆ ತುಂಬುವುದೇ ಇಲ್ಲ. ಮಲಗುವ ಕೋಣೆಯ ಒಂದು ಕೂಡಿಕೆಯಲ್ಲಿ ಅಡಿಕೋಲಿನಷ್ಟು ಉದ್ದಕ್ಕೆ ನನ್ನ ಬೆರಳ ತುದಿ ಒಳಗೆ ಹೋಗುತ್ತಿತ್ತು. ಹೇಳಿದ ಮೇಲೆ ಸಂದುಗಳನ್ನು ಕೆರೆದು, ನೀರು ಹೊಡೆದು, ಗಾರೆಯನ್ನು ಸಣ್ಣ ಪಟ್ಟಿಯಿಂದ ಒತ್ತಿ ತುಂಬಿದರು. ಆದರೂ ಜೊತೆಯಲ್ಲೇ ಎದ್ದ ಗೋಡೆಗೆ ಅದು ಸಾಟಿಯಲ್ಲ. ಮೊದಲ ಅಂತಸ್ತಿನಲ್ಲಿ ಎಲ್ಲ ಗೋಡೆಗಳನ್ನೂ ಒಟ್ಟಿಗೆ ಎಬ್ಬಿಸಲು ಒಪ್ಪಿದರು, ಮಾತಿನಂತೆ ನಡೆದರು. ಅದಕ್ಕಾಗಿ ಅಟ್ಟಣಿಗೆಯ ಕಂಬಗಳನ್ನು ಎರಡು ಪಟ್ಟು ತರಬೇಕಾಯಿತು.

ಗಾರೆಯ ವಿಷಯದಲ್ಲಿ ದೂರುವುದಕ್ಕೆ ಹೆಚ್ಚಿಲ್ಲ. ಅಳತೆ ಪೆಟ್ಟಿಗೆಯಿಂದಲೇ ಒಂದಕ್ಕೆ ಆರು ಹಾಕಿದರು. ಇಟ್ಟಿಗೆಗಳನ್ನು ತೊಟ್ಟಿಯಲ್ಲಿ ಗುಳ್ಳೆ ನಿಲ್ಲುವವರೆಗೂ ನೆನೆಸಿದರು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಟ್ಟರೆ ಸಿಮೆಂಟ್ ಬಲಿಯುವುದಿಲ್ಲ, ಇಟ್ಟಿಗೆ ಮತ್ತು ಗಾರೆ ಒಂದಕ್ಕೊಂದು ಅಂಟುವುದೂ ಇಲ್ಲ. ಸಂದುಗಳು ಹತ್ತು ಮಿ.ಮೀ. ಆಸುಪಾಸಿನಲ್ಲೇ ಇದ್ದವು. ಮಧ್ಯಾಹ್ನದ ಊಟಕ್ಕೆ ಎದ್ದಾಗ ಉಳಿದ ಗಾರೆಗೆ ಮತ್ತೆ ನೀರು ಕಲಸಿ ಬಳಸಿದ್ದನ್ನು ಎರಡು ಸಲ ಕಂಡು ಎಸೆಯಲು ಹೇಳಿದೆ, ಎಸೆದರು. ಏಳು ದಿನ ನೀರುಣಿಸುವ ಹೊಣೆ ನಮ್ಮದಾಗಿತ್ತು.

ಗೋಡೆ ನೆಟ್ಟಗಿದೆಯೇ ಎಂಬುದನ್ನು ತೂಗುಗುಂಡಿನಿಂದ ನಾನೂ ಎಂಜಿನಿಯರೂ ಸೇರಿ ಅಳೆದೆವು. ಒಂದು ಅಂತಸ್ತಿನಲ್ಲಿ 3 ಮೀಟರ್ ಎತ್ತರಕ್ಕೆ 6 ಮಿ.ಮೀ.ಗಿಂತ ಹೆಚ್ಚು ವಾಲಬಾರದು. ಅಳೆದ ಹದಿನಾಲ್ಕು ಗೋಡೆಗಳಲ್ಲಿ ಹನ್ನೆರಡು ಈ ಮಿತಿಯೊಳಗಿದ್ದವು, ಒಂದು 8, ಇನ್ನೊಂದು 9 ಮಿ.ಮೀ. ವಾಲಿತ್ತು. ಎರಡೂ ಮೊದಲ ಅಂತಸ್ತಿನವು, ಮಳೆಯ ವಾರದಲ್ಲಿ ಅವಸರದಿಂದ ಕಟ್ಟಿದವು. ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೆ ಕೂತಿರುವುದು ಇದಕ್ಕಿಂತ ಮುಖ್ಯ; ಅಲ್ಲಿ ಆರು ಮಿ.ಮೀ.ಗಿಂತ ಹೆಚ್ಚಿನ ಸರಿತ ಎಲ್ಲೂ ಇರಲಿಲ್ಲ.

ಕಿಟಕಿ, ಬಾಗಿಲುಗಳ ತೆರವುಗಳು ನಕ್ಷೆಯ ಪ್ರಕಾರವೇ ಬಂದವು. ಎರಡು ಅಂತಸ್ತಿನ ಮನೆಯಲ್ಲಿ, ನಮ್ಮಂಥ ಕಡಿಮೆ ಕಂಪನದ ವಲಯದಲ್ಲೂ, ಒಂದು ಗೋಡೆಯ ತೆರವುಗಳ ಒಟ್ಟು ಅಗಲ ಗೋಡೆಯ ಉದ್ದದ ಅರ್ಧವನ್ನು ಮೀರಬಾರದು. ಎರಡು ತೆರವುಗಳ ನಡುವೆ ಉಳಿಯುವ ಗೋಡೆ 340 ಮಿ.ಮೀ.ಗಿಂತ ಕಡಿಮೆಯಿರಬಾರದು. ಬಚ್ಚಲು ಮತ್ತು ಬಟ್ಟೆ ಬೀರುಗಳ ನಾಲ್ಕೂವರೆ ಇಂಚಿನ ಅಡ್ಡಗೋಡೆಗಳು ಭಾರ ಹೊರುವವಲ್ಲ, ಆದರೂ ಪ್ರತಿ ಮೂರನೇ ಸಾಲಿನಲ್ಲಿ 6 ಮಿ.ಮೀ.ಯ ಎರಡು ಸರಳುಗಳನ್ನು ಹಾಯಿಸಿದರು.

ಅತ್ಯಂತ ಬೇಸರದ ಭಾಗ ಈ ತಂಡದ್ದಲ್ಲ. ಗೋಡೆಗಳು ಮುಗಿದ ಮೇಲೆ ವಿದ್ಯುತ್ ಪೈಪು ಹಾಕಲು ಬೇರೊಂದು ತಂಡ ಬಂದಿತು. ಭಾರ ಹೊರುವ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕೊರೆಯುವ ಗಾಡಿಯ, ಅಂದರೆ ಪೈಪು ಕೂರಿಸುವ ತೋಡಿನ, ಆಳ ಗೋಡೆಯ ದಪ್ಪದ ಮೂರನೇ ಒಂದನ್ನು, ಅಂದರೆ 76 ಮಿ.ಮೀ.ಯನ್ನು ಮೀರಬಾರದು, ಅಡ್ಡ ಕೊರೆಯುವುದನ್ನು ಆದಷ್ಟೂ ತಪ್ಪಿಸಬೇಕು, ಅನಿವಾರ್ಯವಾದರೆ ಆರನೇ ಒಂದು ಆಳ, ಒಂದು ಮೀಟರ್ ಉದ್ದ ಮಾತ್ರ, ಅದೂ ಅಂತಸ್ತಿನ ಮೇಲಿನ ಅಥವಾ ಕೆಳಗಿನ ಮೂರನೇ ಭಾಗದಲ್ಲಿ. ಇದನ್ನೆಲ್ಲ ಬರೆದು ಕೊಟ್ಟಿದ್ದೆ. ಒಂದು ಮಧ್ಯಾಹ್ನ ನಾನಿಲ್ಲದಾಗ ಹಾಲಿನ ಗೋಡೆಯ ನಟ್ಟನಡುವೆ ಎರಡೂವರೆ ಮೀಟರ್ ಉದ್ದಕ್ಕೆ, ಎರಡಿಂಚು ಆಳಕ್ಕೆ ಅಡ್ಡಲಾಗಿ ಕೊರೆದುಬಿಟ್ಟಿದ್ದರು. ಆರಿಸಿ ಆರಿಸಿ ಜೋಡಿಸಿದ ಅಡ್ಡ ಇಟ್ಟಿಗೆಗಳ ತಲೆಗಳು ಸಾಲಾಗಿ ಕತ್ತರಿಸಿ ಬಿದ್ದಿದ್ದವು. ಗಾರೆ ತಂಡದ ಹಿರಿಯರೊಬ್ಬರು ಆ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಎಂಜಿನಿಯರು ಉಳಿದ ದಪ್ಪಕ್ಕೆ ಲೆಕ್ಕ ಹಾಕಿ, ಅಲ್ಲಿಯ ಭಾರ ಕಡಿಮೆಯಿರುವುದರಿಂದ ಗೋಡೆ ತಾಳುತ್ತದೆ ಎಂದರು. ಪೈಪನ್ನು ಚಪ್ಪಡಿಯ ಕೆಳಗಿನಿಂದ ಬೇರೆ ದಾರಿಯಲ್ಲಿ ಒಯ್ದು, ಕೊರೆದ ಜಾಗವನ್ನು ಒಂದಕ್ಕೆ ಮೂರರ ಗಾರೆಯಿಂದ ಎರಡು ಸಲವಾಗಿ ತುಂಬಿ, ಮೇಲೆ ಕೋಳಿಜಾಲರಿ ಹೊಡೆದೆವು. ತುಂಬಿದ ಗಾರೆ ಗಾಡಿಯನ್ನು ಮುಚ್ಚುತ್ತದೆ, ಆದರೆ ಆಗಲೇ ಪಕ್ಕದ ಇಟ್ಟಿಗೆಗಳಿಗೆ ಸರಿದ ಭಾರವನ್ನು ಹಿಂದಕ್ಕೆ ತರುವುದಿಲ್ಲ. ಭಾರ ಹೊರುವ ಗೋಡೆಯ ಮನೆ ಕಟ್ಟಿಸುವವರು ಪೈಪುಗಳ ದಾರಿಯನ್ನು ಇಟ್ಟಿಗೆ ಏಳುವ ಮೊದಲೇ ಗೊತ್ತುಮಾಡಿ, ಕಟ್ಟುವಾಗಲೇ ಜಾಗ ಬಿಡಿಸಿಕೊಳ್ಳಬೇಕು. ಅದನ್ನು ನಾನು ಮಾಡಿಸಲಿಲ್ಲ.

ಕೂಲಿ ನಮ್ಮ ಭಾಗದಲ್ಲಿ ಇತರರು ಕೇಳಿದ್ದಕ್ಕಿಂತ ಹತ್ತನೇ ಒಂದು ಪಾಲು ಹೆಚ್ಚಾಯಿತು, ಹೇಳಿದ ದಿನಕ್ಕಿಂತ ಮೂರು ವಾರ ತಡವೂ ಆಯಿತು. ಅದರಲ್ಲಿ ಒಂದು ವಾರ ಮಳೆಯದು, ಉಳಿದದ್ದು ಕ್ಲೋಸರು ಕತ್ತರಿಸಿದ, ಗೋಡೆಗಳನ್ನು ಒಟ್ಟಿಗೆ ಎಬ್ಬಿಸಿದ ಕೆಲಸದ ಸಮಯ. ಕಾಂಕ್ರೀಟ್ ಚೌಕಟ್ಟು ನಿಲ್ಲಿಸಿ ನಡುವೆ ಆರಿಂಚಿನ ಸಾಲಿಡ್ ಬ್ಲಾಕ್ ತುಂಬಿಸುವ ಮನೆಯಾದರೆ ಇಷ್ಟು ನಿಧಾನದ ತಂಡ ಬೇಕಾಗಲಾರದು. ಅಲ್ಲಿ ಭಾರ ಕಂಬಗಳ ಮೇಲೆ ಇರುತ್ತದೆ. ಗೋಡೆಯೇ ಹೊರಬೇಕಾದ ಮನೆಗೆ ನಾನು ಮತ್ತೆ ಇವರನ್ನೇ ಕರೆಯುತ್ತೇನೆ, ಎಲ್ಲ ಗೋಡೆಗಳೂ ಒಟ್ಟಿಗೆ ಏಳಬೇಕೆಂಬ ಕರಾರನ್ನು ಮೊದಲ ದಿನವೇ ಬರೆಸಿಕೊಳ್ಳುತ್ತೇನೆ.

ಎರಡು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಕಳೆದ ತಿಂಗಳು ಎಂಜಿನಿಯರು ಬಂದು ಕೋಣೆ ಕೋಣೆ ನೋಡಿದರು. ಮೂಲೆಗಳಲ್ಲಿ, ಕಿಟಕಿಗಳ ಮೇಲೆ, ಲಿಂಟಲಿನ ತುದಿಗಳಲ್ಲಿ ಬಿರುಕಿಲ್ಲ. ನೆಲ ಅಂತಸ್ತಿನ ಮಲಗುವ ಕೋಣೆಯ ಕೂಡಿಕೆಯಲ್ಲಿ ಕೂದಲೆಳೆಯ ಗೆರೆಯೊಂದು ಲಿಂಟಲ್ ಮಟ್ಟದವರೆಗೆ ಏರಿದೆ. ಹಾಲಿನಲ್ಲಿ ಜಾಲರಿ ಹೊಡೆದ ಪಟ್ಟಿಯ ಅಂಚಿನಲ್ಲಿ ಇನ್ನೊಂದು. ಎರಡರ ಮೇಲೂ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದಿದ್ದೇವೆ.